‘ಕ್ವೀನ್ ಮಾಡ್ ಲ್ಯಾಂಡ್’: ಕನ್ನಡ ಭೂಪಟದಲ್ಲಿ ಇದನ್ನು ಹೇಗೆ ಬರೆಯಬೇಕು, ಇದು ಯಾರ ನೆಲ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಎಲ್ಲರಿಗೂ ಶರಣು. ನಾನು ದಾವಣಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಆರು ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಅಂಟಾರ್ಕ್ಟಿಕಾದ ದೊಡ್ಡ ನಕ್ಷೆಯೊಂದನ್ನು ಬರೆಯುತ್ತಿದ್ದಾರೆ. ಹೆಸರುಗಳೆಲ್ಲ ಕನ್ನಡದಲ್ಲೇ ಇರಬೇಕೆಂದು ಮೊದಲೇ ತೀರ್ಮಾನಿಸಿಕೊಂಡಿದ್ದೆವು. ಕೆಲಸ ಆಫ್ರಿಕಾದ ಕೆಳಗಿನ ಭಾಗಕ್ಕೆ ಬಂದು ನಿಂತಿದೆ.

ನಮ್ಮಲ್ಲಿರುವ ಹಳೆಯ ಕನ್ನಡ ಚಾರ್ಟಿನಲ್ಲಿ ಅಲ್ಲಿ ‘ಕ್ವೀನ್ ಮ್ಯಾಡ್ ಲ್ಯಾಂಡ್’ ಎಂದು ಅಚ್ಚಾಗಿದೆ. ಅದನ್ನು ಓದಿದ ಹುಡುಗಿಯೊಬ್ಬಳು, “ಟೀಚರ್, ಆ ರಾಣಿಗೆ ಹುಚ್ಚು ಹಿಡಿದಿತ್ತಾ?” ಎಂದು ಕೇಳಿದಳು. ಅವಳು ತಮಾಷೆಗೆ ಕೇಳಲಿಲ್ಲ. ಅಚ್ಚಾದ ಅಕ್ಷರವನ್ನು ನಂಬಿ ಕೇಳಿದಳು. ಅದು ತಪ್ಪು ಅಕ್ಷರವೆಂದು ಹೇಳಿ ‘ಮಾಡ್’ ಎಂದು ತಿದ್ದಿ ಬರೆದೆ. ಆಗ ಹಿಂದಿನ ಬೆಂಚಿನ ಹುಡುಗ, “ಹಾಗಾದರೆ ರಾಣಿ ಏನು ಮಾಡಿದಳು?” ಎಂದ. ಈ ರಾಣಿ ಯಾರು, ಅವಳು ಅಲ್ಲಿಗೆ ಹೋಗಿದ್ದಳೇ, ಆ ನೆಲಕ್ಕೆ ಅವಳ ಹೆಸರೇ ಏಕೆ ಬಂತು ಎಂಬುದನ್ನು ನಾನೇ ಸರಿಯಾಗಿ ತಿಳಿದುಕೊಂಡಿಲ್ಲವೆಂದು ಆ ಗಳಿಗೆಯಲ್ಲಿ ಅರಿವಾಯಿತು.

ತಿಳಿದವರು ದಯವಿಟ್ಟು ಹೇಳಿ. ಇದನ್ನು ‘ರಾಣಿ ಮಾಡ್ ನಾಡು’ ಎಂದು ಅನುವಾದಿಸಬೇಕೇ, ಇಂಗ್ಲಿಷಿನಲ್ಲಿರುವಂತೆಯೇ ಕನ್ನಡ ಲಿಪಿಯಲ್ಲಿ ಬರೆಯಬೇಕೇ? ಕೆಲವು ಅಟ್ಲಾಸುಗಳಲ್ಲಿ ‘ಡ್ರೋನಿಂಗ್ ಮಾಡ್ ಲ್ಯಾಂಡ್’ ಎಂದೂ ಇದೆ, ಅದು ಬೇರೆ ಜಾಗವೇ? ಈ ಪ್ರದೇಶಕ್ಕೆ ಎಡಬಲದಲ್ಲಿ ಗೆರೆ ಎಳೆದಿರುವ ಒಂದು ನಕ್ಷೆಯಲ್ಲಿ ದಕ್ಷಿಣಕ್ಕೆ ಗೆರೆಯೇ ಇಲ್ಲದಿರುವುದು ಅಚ್ಚಿನ ತಪ್ಪೇ? ನಮ್ಮ ದೇಶದ ಮೈತ್ರಿ ಮತ್ತು ಭಾರತಿ ಸಂಶೋಧನಾ ಕೇಂದ್ರಗಳೆರಡೂ ಇದರೊಳಗೇ ಬರುತ್ತವೆ ಎಂದು ಮಕ್ಕಳಿಗೆ ಹೇಳಿಬಿಟ್ಟಿದ್ದೇನೆ. ಅದು ಸರಿಯೇ ಎಂಬುದನ್ನೂ ತಿಳಿಸಿ.

ಉತ್ತರ: ನಿವೃತ್ತ ಭೂಗೋಳ ಉಪನ್ಯಾಸಕ, ಚಿತ್ರದುರ್ಗ

ಮೇಡಂ, ನಮಸ್ಕಾರ. ಮಕ್ಕಳು ಹೆಸರಿನ ಬೆನ್ನು ಹತ್ತಿರುವುದು ಕಂಡು ಸಂತೋಷವಾಯಿತು. ಈ ನೆಲದ ಮಟ್ಟಿಗಂತೂ ಹೆಸರನ್ನು ಬಿಡಿಸಿದರೆ ಚರಿತ್ರೆಯ ಬಹುಪಾಲು ಬಿಡಿಸಿದಂತೆಯೇ ಸರಿ.

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ರಾಣಿ ಮಾಡ್ ಹುಟ್ಟಿದ್ದು 1869ರಲ್ಲಿ, ಇಂಗ್ಲೆಂಡಿನ ರಾಜಮನೆತನದಲ್ಲಿ. ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದ ಅರಸನ ಮಗಳು ಈಕೆ. 1905ರಲ್ಲಿ ನಾರ್ವೆಯು ಸ್ವೀಡನ್ನಿನಿಂದ ಬೇರ್ಪಟ್ಟು ತನ್ನದೇ ಅರಸನನ್ನು ಆರಿಸಿಕೊಂಡಾಗ ಆಕೆಯ ಗಂಡ ಏಳನೆಯ ಹಾಕೋನ್ ಆಗಿ ಸಿಂಹಾಸನವೇರಿದ, ಈಕೆ ನಾರ್ವೆಯ ರಾಣಿಯಾದಳು. ಅಂಟಾರ್ಕ್ಟಿಕಾಕ್ಕೆ ಆಕೆ ಹೋಗಲಿಲ್ಲ. ‘ಡ್ರೋನಿಂಗ್’ ಎಂದರೆ ನಾರ್ವೇಜಿಯನ್ ಭಾಷೆಯಲ್ಲಿ ರಾಣಿ ಎಂದರ್ಥ. ಆದ್ದರಿಂದ ನಿಮ್ಮ ಎರಡು ಅಟ್ಲಾಸುಗಳಲ್ಲಿರುವುದು ಒಂದೇ ಜಾಗ.

ಹೆಸರು ಬಿದ್ದದ್ದು 1930ರ ಜನವರಿಯಲ್ಲಿ. ಲಾರ್ಸ್ ಕ್ರಿಸ್ಟೆನ್ಸನ್ ಎಂಬ ತಿಮಿಂಗಿಲ ಬೇಟೆಯ ಹಡಗುಗಳ ಒಡೆಯ ಹಣ ಹಾಕಿ ಕಳುಹಿಸಿದ ‘ನೊರ್ವೇಗಿಯಾ’ ಹಡಗಿನ ಯಾನದಲ್ಲಿ ರೀಸರ್-ಲಾರ್ಸೆನ್ ಮತ್ತು ಲುಟ್ಸೋ-ಹೋಲ್ಮ್ ಎಂಬ ಇಬ್ಬರು ವೈಮಾನಿಕರು ಪೂರ್ವ ರೇಖಾಂಶ 37 ಡಿಗ್ರಿಯಿಂದ 49 ಡಿಗ್ರಿ 30 ನಿಮಿಷದವರೆಗಿನ ಭಾಗವನ್ನು ಕಂಡು ಅದಕ್ಕೆ ತಮ್ಮ ರಾಣಿಯ ಹೆಸರಿಟ್ಟರು. ಅಂದರೆ ಮೊದಲಿಗೆ ಈ ಹೆಸರು ಇಂದಿನ ಪ್ರದೇಶದ ಪೂರ್ವ ತುದಿಗೆ ಮಾತ್ರ ಸೇರಿತ್ತು. 1939ರ ಜನವರಿ 14ರಂದು ನಾರ್ವೆಯು ಪಶ್ಚಿಮ 20 ಡಿಗ್ರಿಯಿಂದ ಪೂರ್ವ 45 ಡಿಗ್ರಿಯವರೆಗಿನ ನೆಲ ತನ್ನದೆಂದು ಅಧಿಕೃತವಾಗಿ ಸಾರಿತು, ಮತ್ತು ಹೆಸರು ಅಷ್ಟಗಲಕ್ಕೂ ಹರಡಿಕೊಂಡಿತು. ರಾಣಿ ಮಾಡ್ ತೀರಿಕೊಂಡು ಆಗ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಈ ಘೋಷಣೆಗೆ ಅಷ್ಟು ಅವಸರವೇಕೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಆ ಕಾಲಕ್ಕೆ ತಿಮಿಂಗಿಲದ ಎಣ್ಣೆಗೆ ಭಾರೀ ಬೇಡಿಕೆ ಇತ್ತು, ಯುರೋಪಿನಲ್ಲಿ ಅದರಿಂದ ಮಾರ್ಗರೀನ್ ಮಾಡುತ್ತಿದ್ದರು. ಆ ಬೇಟೆಯಲ್ಲಿ ಮುಂದಿದ್ದ ನಾರ್ವೆಗೆ ದಕ್ಷಿಣದ ಕಡಲು ಕೈತಪ್ಪಬಾರದಿತ್ತು. ಅಷ್ಟರಲ್ಲಿ ಜರ್ಮನಿಯ ‘ಶ್ವಾಬೆನ್‌ಲಾಂಡ್’ ಹಡಗು ಎರಡು ಸಮುದ್ರ ವಿಮಾನಗಳನ್ನು ಹೇರಿಕೊಂಡು ಅದೇ ತೀರಕ್ಕೆ ಹೊರಟಿತ್ತು. ನಾರ್ವೆ ಘೋಷಣೆ ಹೊರಡಿಸಿದ ಕೆಲವೇ ದಿನಗಳಲ್ಲಿ ಆ ಹಡಗು ಅಲ್ಲಿಗೆ ತಲುಪಿತು. ಜರ್ಮನರು ವಿಮಾನದಿಂದ ಸಾವಿರಾರು ಚಿತ್ರ ತೆಗೆದು, ಸ್ವಸ್ತಿಕದ ಗುರುತಿದ್ದ ಅಲ್ಯೂಮಿನಿಯಂ ಬಾಣಗಳನ್ನು ಹಿಮದ ಮೇಲೆ ಉದುರಿಸಿ, ಆ ಭಾಗಕ್ಕೆ ‘ನೋಯ್-ಶ್ವಾಬೆನ್‌ಲಾಂಡ್’ ಎಂದು ತಮ್ಮ ಹಡಗಿನ ಹೆಸರನ್ನೇ ಇಟ್ಟರು. ನೆಲದ ಮೇಲೆ ನಿಂತು ಅಳತೆ ಹಿಡಿಯದಿದ್ದುದರಿಂದ ಅವರ ನಕ್ಷೆಗಳಲ್ಲಿ ಬೆಟ್ಟಗಳ ಜಾಗ ಅತ್ತಿತ್ತ ಆಗಿತ್ತು. ಯುದ್ಧ ಮುಗಿದ ಮೇಲೆ ನಾರ್ವೆಯವರು ಹೊಸದಾಗಿ ಅಳೆದು ತಮ್ಮ ಭಾಷೆಯ ಹೆಸರುಗಳನ್ನು ಹಾಕಿದರು, ಕೆಲವು ಜರ್ಮನ್ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡರು.

ಈ ತೀರವನ್ನು ಕಣ್ಣಿಂದ ಮೊದಲು ಕಂಡವರು ಇವರಿಬ್ಬರೂ ಅಲ್ಲ. 1820ರ ಜನವರಿ ಕೊನೆಯಲ್ಲಿ ರಷ್ಯಾದ ನೌಕಾಪಡೆಯ ಬೆಲ್ಲಿಂಗ್ಸ್‌ಹೌಸೆನ್ ಇದರ ಪಶ್ಚಿಮ ಭಾಗದ ಹಿಮದಂಚನ್ನು ನೋಡಿದ್ದ. ಹಾಗೆ ನೋಡಿದವನ ಹೆಸರು ಈ ನೆಲಕ್ಕೆ ಅಂಟಲಿಲ್ಲ.

ಇನ್ನು ಗೆರೆಯ ವಿಷಯ. ಅದು ಅಚ್ಚಿನ ತಪ್ಪಲ್ಲ. ಬೇರೆ ದೇಶಗಳು ಧ್ರುವವನ್ನು ತುದಿಯಾಗಿಟ್ಟುಕೊಂಡು ಹೋಳಿಗೆಯ ತುಂಡಿನಂತೆ ಅಂಟಾರ್ಕ್ಟಿಕಾವನ್ನು ಭಾಗ ಮಾಡಿಕೊಂಡರೆ, ನಾರ್ವೆ ಆ ಕ್ರಮವನ್ನು ಒಪ್ಪಿರಲಿಲ್ಲ, ಏಕೆಂದರೆ ಅದೇ ಕ್ರಮವನ್ನು ಉತ್ತರ ಧ್ರುವದ ಕಡೆಗೆ ಅನ್ವಯಿಸಿದರೆ ಅಲ್ಲಿ ರಷ್ಯಾ ಮತ್ತು ಕೆನಡಾದಂಥ ದೇಶಗಳಿಗೆ ಲಾಭವಾಗಿ ತನಗೆ ನಷ್ಟವಾಗುತ್ತಿತ್ತು. ಹೀಗಾಗಿ 1939ರ ಘೋಷಣೆಯಲ್ಲಿ ಪೂರ್ವ, ಪಶ್ಚಿಮದ ಮೇರೆಗಳಿದ್ದವು, ಉತ್ತರ, ದಕ್ಷಿಣದ ಮೇರೆಗಳು ಇರಲಿಲ್ಲ. 2015ರಲ್ಲಿ ಮಾತ್ರ ನಾರ್ವೆ ಸರ್ಕಾರವು ತನ್ನ ಹಕ್ಕು ಧ್ರುವದವರೆಗೂ ಚಾಚಿದೆ ಎಂದು ಸ್ಪಷ್ಟಪಡಿಸಿತು. ನಿಮ್ಮ ನಕ್ಷೆ ಅದಕ್ಕಿಂತ ಹಳೆಯದಿರಬಹುದು.

ಯಾರ ನೆಲ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. 1959ರ ಡಿಸೆಂಬರ್ 1ರಂದು 12 ದೇಶಗಳು ಸಹಿ ಹಾಕಿದ ಅಂಟಾರ್ಕ್ಟಿಕ್ ಒಪ್ಪಂದದ ನಾಲ್ಕನೆಯ ವಿಧಿಯು ಯಾರ ಹಕ್ಕನ್ನೂ ಎತ್ತಿಹಿಡಿಯುವುದಿಲ್ಲ, ಯಾರ ಹಕ್ಕನ್ನೂ ತಳ್ಳಿಹಾಕುವುದಿಲ್ಲ, ಹೊಸ ಹಕ್ಕು ಹೂಡಲು ಬಿಡುವುದಿಲ್ಲ. ನಾರ್ವೆಯ ಪಾಲಿಗೆ ಇದು 1957ರಿಂದ ಅದರ ಅಧೀನ ಪ್ರದೇಶ. ಭಾರತ 1983ರಲ್ಲಿ ಒಪ್ಪಂದಕ್ಕೆ ಸೇರಿತು. ಅಲ್ಲಿ ಕೇಂದ್ರ ಕಟ್ಟಲು ನಾವು ಯಾರಿಂದಲೂ ನೆಲ ಕೊಳ್ಳಲಿಲ್ಲ, ಬಾಡಿಗೆಗೂ ಪಡೆಯಲಿಲ್ಲ.

ಆದ್ದರಿಂದ ನಕ್ಷೆಯಲ್ಲಿ ಹೆಸರನ್ನು ದೊಡ್ಡದಾಗಿ ಬರೆಸಿ, ಗಡಿಗೆರೆಯನ್ನು ಮಾತ್ರ ಚುಕ್ಕೆಗಳಲ್ಲಿ ಎಳೆಸಿ. ಕರ್ನಾಟಕದ ಗಡಿಯಂತೆ ಅದನ್ನು ಗಟ್ಟಿ ಗೆರೆಯಲ್ಲಿ ತೋರಿಸಬಾರದು.

ಉತ್ತರ: ಚಳ್ಳಕೆರೆಯವ, ಹಿಂದೆ ಮೈತ್ರಿ ಕೇಂದ್ರದಲ್ಲಿದ್ದ ವಾಹನ ಮೆಕ್ಯಾನಿಕ್

ಮೇಡಂ, ಮೈತ್ರಿಯ ಬಗ್ಗೆ ಕೇಳಿದ್ದೀರಿ. ನಾನು ಅಲ್ಲಿ ಒಂದು ಚಳಿಗಾಲ ಪೂರ್ತಿ ಇದ್ದವನು. ಓದಿನಿಂದ ತಿಳಿದದ್ದು ಕಡಿಮೆ, ಕಂಡದ್ದನ್ನು ಹೇಳುತ್ತೇನೆ.

ಮೈತ್ರಿ ಇರುವುದು ಕ್ವೀನ್ ಮಾಡ್ ಲ್ಯಾಂಡಿನೊಳಗೇ, ಪ್ರಿನ್ಸೆಸ್ ಆಸ್ಟ್ರಿಡ್ ಕರಾವಳಿಯ ಒಳಭಾಗದಲ್ಲಿ, ಸುಮಾರು 70 ಡಿಗ್ರಿ 46 ನಿಮಿಷ ದಕ್ಷಿಣ, 11 ಡಿಗ್ರಿ 44 ನಿಮಿಷ ಪೂರ್ವದಲ್ಲಿ. ಭಾರತಿ ಅಲ್ಲಿಲ್ಲ. ಅದು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ, ಲಾರ್ಸೆಮನ್ ಬೆಟ್ಟಗಳಲ್ಲಿದೆ. ನಾವು ಮೈತ್ರಿಯಲ್ಲಿದ್ದಾಗ ಭಾರತಿಯವರೊಂದಿಗೆ ಮಾತಾಡುತ್ತಿದ್ದುದು ದೂರದ ಊರಿನ ನೆಂಟರೊಂದಿಗೆ ಮಾತಾಡಿದ ಹಾಗೆ.

ಕರಾವಳಿ ಎಂದರೆ ಮಕ್ಕಳಿಗೆ ಮಲ್ಪೆ, ಕಾರವಾರದ ಮರಳು ನೆನಪಾದೀತು. ಅಲ್ಲಿ ಹಾಗಿಲ್ಲ. ಹಡಗು ಬಂದು ನಿಲ್ಲುವುದು ನೀರಿನ ಮೇಲೆ ತೇಲುವ ಹಿಮದ ಚಪ್ಪಡಿಯ ಅಂಚಿಗೆ. ಆ ಅಂಚು ಗೋಡೆಯ ಹಾಗೆ ನೆಟ್ಟಗೆ ಎದ್ದಿರುತ್ತದೆ. ನಮ್ಮವರು ಸಾಮಾನು ಇಳಿಸುವ ಆ ಜಾಗಕ್ಕೆ ‘ಇಂಡಿಯಾ ಬೇ’ ಎನ್ನುತ್ತೇವೆ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಹಿಮದ ಮೇಲೆ, ಪಟ್ಟಾ ಹಾಕಿದ ಪಿಸ್ಟನ್ ಬುಲ್ಲಿ ವಾಹನಗಳಿಗೆ ಸ್ಲೆಡ್ಜ್ ಕಟ್ಟಿ, ಕಾನ್ವಾಯ್‌ನಲ್ಲಿ ಡೀಸೆಲ್ಲು, ದಿನಸಿ ಸಾಗಿಸಬೇಕು. ದಾರಿಯುದ್ದಕ್ಕೂ ಬಿಳುಪು ಬಿಟ್ಟರೆ ಬೇರೇನೂ ಕಾಣದು. ಕೊನೆಗೆ ಒಮ್ಮೆಲೇ ಕಂದು ಬಣ್ಣದ ಬರಿಗಲ್ಲಿನ ಗುಡ್ಡಗಳು ಕಾಣುತ್ತವೆ. ಅದೇ ಶಿರ್ಮಾಕರ್ ಓಯಸಿಸ್. ಇಪ್ಪತ್ತೈದು ಕಿಲೋಮೀಟರ್ ಉದ್ದ, ಹೆಚ್ಚೆಂದರೆ ಮೂರು ಕಿಲೋಮೀಟರ್ ಅಗಲದ ಹಿಮವಿಲ್ಲದ ನೆಲ. ಜರ್ಮನ್ ವಿಮಾನಗಳಲ್ಲಿ ಒಂದನ್ನು ಹಾರಿಸುತ್ತಿದ್ದ ಪೈಲಟ್ ಶಿರ್ಮಾಕರ್ 1939ರಲ್ಲಿ ಅದನ್ನು ಮೇಲಿನಿಂದ ಕಂಡನಂತೆ, ಅವನ ಹೆಸರೇ ಉಳಿದುಕೊಂಡಿದೆ. ಗುರುಗಳು ಮೇಲೆ ಹೇಳಿದ ಉಳಿದುಹೋದ ಜರ್ಮನ್ ಹೆಸರುಗಳಲ್ಲಿ ಇದೂ ಒಂದು.

ಓಯಸಿಸ್ ಎಂದ ಕೂಡಲೇ ಖರ್ಜೂರದ ಮರ ಎಣಿಸಬಾರದು, ಅಲ್ಲಿ ಒಂದು ಗಿಡವೂ ಇಲ್ಲ. ಆದರೆ ನೀರುಂಟು. ನೂರಕ್ಕೂ ಹೆಚ್ಚು ಸಿಹಿನೀರಿನ ಕೆರೆಗಳಿವೆ. ಮೈತ್ರಿಯ ಎದುರಿಗಿರುವ ಕೆರೆಗೆ ‘ಪ್ರಿಯದರ್ಶಿನಿ’ ಎಂದು ಹೆಸರು. ಚಳಿಗಾಲದಲ್ಲಿ ಕೆರೆಯ ಮೇಲ್ಭಾಗ ಹೆಪ್ಪುಗಟ್ಟಿದರೂ ಅಡಿಯಲ್ಲಿ ನೀರು ಇರುತ್ತದೆ, ಪಂಪಿನಿಂದ ಎತ್ತಿ ಬೆಚ್ಚಗಿಟ್ಟ ಪೈಪಿನಲ್ಲಿ ಕೇಂದ್ರಕ್ಕೆ ತರುತ್ತೇವೆ. ಸೂರ್ಯ ಸುಮಾರು ಎರಡು ತಿಂಗಳು ಮುಖ ತೋರಿಸದ ಆ ಕಾಲದಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಪೈಪಿನ ಉದ್ದಕ್ಕೂ ಕೈಯಾಡಿಸಿ, ಎಲ್ಲಿ ತಣ್ಣಗಾಗಿದೆ ಎಂದು ನೋಡಿಕೊಂಡು ಹೋಗುತ್ತಿದ್ದೆವು. ಟ್ಯಾಂಕರಿಗೆ ಕೊಡ ಹಚ್ಚಿಟ್ಟು ಕಾಯುವ ಊರಿನಲ್ಲಿ ಬೆಳೆದ ನನಗೆ ಆ ಕೆರೆಯ ಹೆಸರು ನಕ್ಷೆಯ ಹೆಸರಲ್ಲ, ಮನೆಮಂದಿಯ ಹೆಸರಿನ ಹಾಗೆ.

ಅಲ್ಲಿನ ಬಂಡೆಗಳಲ್ಲಿ ಜೋಳದ ಕಾಳಿನಷ್ಟು ದಪ್ಪದ ಕಡುಗೆಂಪು ಗಾರ್ನೆಟ್ ಹರಳುಗಳು ಹುದುಗಿರುತ್ತವೆ. ಓರೆ ಬಿಸಿಲು ಬಿದ್ದಾಗ ಹೊಳೆಯುತ್ತವೆ. ಒಂದನ್ನೂ ಅನುಮತಿ ಇಲ್ಲದೆ ಊರಿಗೆ ತರುವಂತಿಲ್ಲ, ತರಲೂ ಇಲ್ಲ.

ನಾವು ಬಾಯಲ್ಲಿ ‘ಕ್ವೀನ್ ಮಾಡ್ ಲ್ಯಾಂಡ್’ ಎಂದು ದಿನಕ್ಕೊಮ್ಮೆಯೂ ಹೇಳಿದವರಲ್ಲ. ‘ಮೈತ್ರಿ’, ‘ಶೆಲ್ಫ್’, ‘ಡಿಜಿ’, ‘ನೋವೋ’, ಇಷ್ಟರಲ್ಲೇ ನಮ್ಮ ಲೋಕ ಮುಗಿಯುತ್ತಿತ್ತು. ಶೆಲ್ಫ್ ಎಂದರೆ ಹಡಗು ಬಂದು ನಿಲ್ಲುವ ಆ ತೇಲುವ ಹಿಮದ ಚಪ್ಪಡಿ. ನೋವೋ ಎಂದರೆ ನಾಲ್ಕೈದು ಕಿಲೋಮೀಟರ್ ದೂರದ ರಷ್ಯನ್ನರ ನೊವೊಲಾಜರೆವ್‌ಸ್ಕಯಾ ಕೇಂದ್ರ, 1961ರಿಂದಲೂ ಇದೆ. ಡಿಜಿ ಎಂದರೆ ನಮ್ಮ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ. 1983-84ರಲ್ಲಿ ಅದನ್ನು ತೇಲುವ ಹಿಮದ ಮೇಲೆ ಕಟ್ಟಿದ್ದರು, ವರ್ಷ ವರ್ಷವೂ ಹಿಮ ಮುಚ್ಚುತ್ತಾ ಬಂದು 1990ರಲ್ಲಿ ಬಿಟ್ಟುಬಿಡಬೇಕಾಯಿತು. ಅದಕ್ಕೇ ಮೈತ್ರಿಯನ್ನು ಗಟ್ಟಿ ಕಲ್ಲಿನ ಮೇಲೆ ಕಟ್ಟಿದ್ದು. ಗಂಗೋತ್ರಿಯ ಹೆಸರು ಪಕ್ಕದ ಹಿಮನದಿಯೊಂದಕ್ಕೆ ಉಳಿದಿದೆ.

ಉತ್ತರ: ಕನ್ನಡ ಸಂಶೋಧನಾ ವಿದ್ಯಾರ್ಥಿ, ದಾವಣಗೆರೆ

ಹಿರಿಯರ ಮಾತುಗಳಿಂದ ಬಹಳ ಕಲಿತೆ. ಹೆಸರಿನ ಅನುವಾದದ ವಿಷಯದಲ್ಲಿ ಮಾತ್ರ ನನ್ನ ನಿಲುವು ಬೇರೆ.

‘ಕ್ವೀನ್’, ‘ಲ್ಯಾಂಡ್’ ಎಂಬುವು ಆ ನೆಲದ ಮಾತುಗಳೂ ಅಲ್ಲ, ನಾರ್ವೆಯ ಮಾತುಗಳೂ ಅಲ್ಲ. ನಾರ್ವೆಯವರ ‘ಡ್ರೋನಿಂಗ್’ ಅನ್ನು ಇಂಗ್ಲಿಷಿನವರು ಯಾವ ಅಳುಕೂ ಇಲ್ಲದೆ ತಮ್ಮ ಮಾತಿಗೆ ತಿರುಗಿಸಿಕೊಂಡರು. ಹಾಗಿರುವಾಗ ಕನ್ನಡದವರು ಇಂಗ್ಲಿಷ್ ಅನುವಾದವನ್ನೇ ಮೂಲವೆಂದು ಭಾವಿಸಿ ಲಿಪ್ಯಂತರ ಮಾಡಿಕೊಳ್ಳುವುದೇಕೆ? ‘ರಾಣಿ ಮಾಡ್ ನಾಡು’ ಎಂದರೆ ಹಳ್ಳಿಯ ಮಗುವಿಗೂ ಕೂಡಲೇ ತಿಳಿಯುತ್ತದೆ, ರಾಣಿ ಎಂಬ ಮಾತು ಮುಂದಿದ್ದರೆ ‘ಮಾಡ್’ ಎಂಬುದು ಆಕೆಯ ಹೆಸರೆಂದೂ ಗೊತ್ತಾಗುತ್ತದೆ, ಹಿಂದಿನ ಬೆಂಚಿನ ಹುಡುಗನ ಗೊಂದಲವೂ ತೀರುತ್ತದೆ. ಕರಾವಳಿಗಳನ್ನೂ ‘ರಾಜಕುಮಾರಿ ಆಸ್ಟ್ರಿಡ್ ಕರಾವಳಿ’ ಎಂದು ಬರೆಯಬಹುದು. ಬೆಟ್ಟಗಳ ವಿಷಯದಲ್ಲಂತೂ ಅನುವಾದ ಮಾಡದಿದ್ದರೆ ನಷ್ಟವೇ ಹೆಚ್ಚು. ಆ ಪ್ರದೇಶದಲ್ಲಿ ಹಿಮದಿಂದ ನೆಟ್ಟಗೆ ಎದ್ದುನಿಂತ ಶಿಖರಗಳ ಒಂದು ಸಾಲಿಗೆ ನಾರ್ವೆಯವರು ತಮ್ಮ ಪುರಾಣದ ಫೆನ್ರಿರ್ ಎಂಬ ತೋಳನ ದವಡೆ ಎಂದು ಹೆಸರಿಟ್ಟಿದ್ದಾರೆ. ಅದರಲ್ಲಿ 2,900 ಮೀಟರಿಗೂ ಎತ್ತರದ ಒಂದು ಶಿಖರ ‘ಉಲ್ವೆಟಾನ್ನಾ’, ಅಂದರೆ ತೋಳನ ಹಲ್ಲು, ಪಕ್ಕದ ಇನ್ನೊಂದು ಶಿಖರದ ಹೆಸರಿಗೆ ದವಡೆಹಲ್ಲು ಎಂಬ ಅರ್ಥ. ‘ತೋಳನ ಹಲ್ಲು’ ಎಂದು ಬರೆದರೆ ಮಗುವಿನ ಕಣ್ಣ ಮುಂದೆ ಆ ಬೆಟ್ಟ ನಿಲ್ಲುತ್ತದೆ. ‘ಉಲ್ವೆಟಾನ್ನಾ’ ಎಂದರೆ ಏನೂ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿ

ಗುರುಗಳೇ, ಚಳ್ಳಕೆರೆಯ ಅಣ್ಣನವರೇ, ತಮ್ಮಾ, ಎಲ್ಲರಿಗೂ ಧನ್ಯವಾದಗಳು. ಭಾರತಿ ಕೇಂದ್ರದ ವಿಷಯದಲ್ಲಿ ನಾನು ಹೇಳಿದ್ದು ತಪ್ಪೆಂದು ಇಂದೇ ತರಗತಿಯಲ್ಲಿ ಒಪ್ಪಿಕೊಂಡು ತಿದ್ದಿದೆ.

ಅನುವಾದದ ವಾದ ನನಗೂ ಹಿಡಿಸಿದೆ. ಆದರೆ ‘ನಾಡು’ ಎಂದು ಪೆನ್ಸಿಲಿನಲ್ಲಿ ಬರೆಸಿದ ಮೇಲೆ ಅದೇ ಹುಡುಗಿ, “ನಾಡು ಅಂದ್ರೆ ಜನ ಇರೋದಲ್ವಾ ಟೀಚರ್? ಅಲ್ಲಿ ಯಾರೂ ಇಲ್ಲ ಅಂದಿದ್ರಲ್ಲ,” ಎಂದಳು. ಅದಕ್ಕೆ ಏನು ಹೇಳಲಿ? ಜೊತೆಗೆ, ಈ ಕರಾವಳಿಗಳ ಹೆಸರುಗಳ ಸಾಲನ್ನು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಭೂಗೋಳ ಉಪನ್ಯಾಸಕ, ಚಿತ್ರದುರ್ಗ

ಆ ಹುಡುಗಿ ಹಿಡಿದಿರುವುದು ಸರಿಯಾದ ಎಳೆಯನ್ನೇ. ನಾಡು ಎಂಬುದು ಕಾಡಿಗೆ ಎದುರು ಮಾತು. ಉತ್ತು ಬಿತ್ತು ಮನೆ ಕಟ್ಟಿ ಬಾಳಿದ ನೆಲಕ್ಕೆ ನಾವು ಹಾಗೆನ್ನುತ್ತೇವೆ. ‘ಸೀಮೆ’ ಎನ್ನೋಣವೆಂದರೆ ಅದು ಮೇರೆಯುಳ್ಳ ನೆಲ, ಇದಕ್ಕೋ ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಎರಡು ದಿಕ್ಕಿನಲ್ಲಿ ಮೇರೆಯೇ ಇರಲಿಲ್ಲ.

ಸಂಶೋಧನಾ ವಿದ್ಯಾರ್ಥಿ ಗೆಳೆಯರ ಕಳಕಳಿ ನನಗೆ ಅರ್ಥವಾಗುತ್ತದೆ. ಇಂಗ್ಲಿಷಿನ ಮೂಲಕವೇ ಲೋಕವನ್ನು ನೋಡಬೇಕಿಲ್ಲ ಎಂಬ ಅವರ ಮಾತು ನನಗೂ ಒಪ್ಪಿಗೆ. ಆದರೂ ಇಲ್ಲಿ ಅನುವಾದಿಸಬಾರದ ಭಾಗವೊಂದಿದೆ ಎಂದು ನಾನು ನಂಬಿದ್ದೇನೆ. ಕಾರಣವನ್ನು ನಮ್ಮ ಜಿಲ್ಲೆಯಿಂದಲೇ ಹೇಳುತ್ತೇನೆ.

ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಅಣೆಕಟ್ಟೆಗೆ ಮೈಸೂರಿನ ರಾಜಮಾತೆಯ ಹೆಸರಿನಲ್ಲಿ ವಾಣಿವಿಲಾಸ ಸಾಗರ ಎಂದು ಕರೆದರು. ಅದೂ ರಾಣಿಯ ಹೆಸರೇ. ಆದರೆ ಆ ಕಣಿವೆಗೆ ಅದಕ್ಕೂ ಮೊದಲೇ ಮಾರಿಕಣಿವೆ ಎಂಬ ಹೆಸರಿತ್ತು, ಇವತ್ತಿಗೂ ನಮ್ಮ ಜನ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಮಾರಿಕಣಿವೆ ಎಂದೇ ಕೇಳುತ್ತಾರೆ. ನಿಮ್ಮ ಚನ್ನಗಿರಿ ಕಡೆ ಶಾಂತಿಸಾಗರ ಎಂಬ ಫಲಕವಿದ್ದರೂ ಸೂಳೆಕೆರೆ ಎಂಬುದು ಬಾಯಿಂದ ಹೋಗಿಲ್ಲ. ನಮ್ಮ ಕೋಟೆಯೊಳಗೆ ಹೋದರೆ ತುಪ್ಪದ ಕೊಳ, ಎಣ್ಣೆ ಕೊಳ, ಸಿಹಿನೀರು ಹೊಂಡ, ಅಕ್ಕ-ತಂಗಿಯರ ಹೊಂಡ, ಹೀಗೆ ಬಳಸಿದವರೇ ಇಟ್ಟ ಹೆಸರುಗಳು. ಬ್ರಿಟಿಷರು ಇಡೀ ಊರನ್ನು ‘ಚಿತಲ್‌ಡ್ರೂಗ್’ ಎಂದು ಬರೆದರೂ ಅಡಿಯಲ್ಲಿ ನಮ್ಮ ಹೆಸರು ಇದ್ದೇ ಇತ್ತು, ಅದನ್ನು ಮರಳಿ ಎತ್ತಿಕೊಳ್ಳಲು ಸಾಧ್ಯವಾಯಿತು.

ಕ್ವೀನ್ ಮಾಡ್ ಲ್ಯಾಂಡಿನಲ್ಲಿ ವಾಣಿವಿಲಾಸವಷ್ಟೇ ಇದೆ, ಅದರ ಅಡಿಯಲ್ಲಿ ಮಾರಿಕಣಿವೆ ಇಲ್ಲ. ಅಲ್ಲಿ ಹುಟ್ಟಿ ಬೆಳೆದವರು ಯಾರೂ ಇರಲಿಲ್ಲವಾದ್ದರಿಂದ ಕೆರೆದು ನೋಡಿದರೆ ಸಿಗುವ ಹಳೆಯ ಹೆಸರು ಯಾವುದೂ ಇಲ್ಲ. ಯಾರು ಬಂದರು, ಯಾವ ಭಾಷೆಯವರು, ಯಾರ ಹಣದಲ್ಲಿ, ಯಾರ ಋಣ ತೀರಿಸಲು ಎಂಬುದಕ್ಕೆಲ್ಲ ಆ ಹೆಸರೊಂದೇ ಸಾಕ್ಷಿ. ಅದನ್ನು ಪೂರ್ತಿ ಕನ್ನಡಿಸಿದರೆ ಆ ಸಾಕ್ಷಿಯನ್ನೇ ಒರೆಸಿದಂತಾಗುತ್ತದೆ.

ಕರಾವಳಿಗಳನ್ನೇ ನೋಡಿ. ಪಶ್ಚಿಮದಿಂದ ಪೂರ್ವಕ್ಕೆ ಮಾರ್ಥಾ, ಆಸ್ಟ್ರಿಡ್, ರಾಗ್ನ್‌ಹಿಲ್ಡ್, ಹರಾಲ್ಡ್, ಓಲಾವ್ ಎಂದು ಐದು ಹೆಸರುಗಳಿವೆ. ಓಲಾವ್ ರಾಣಿ ಮಾಡಳ ಒಬ್ಬನೇ ಮಗ. ಮಾರ್ಥಾ ಅವನ ಹೆಂಡತಿ, ಸ್ವೀಡನ್ನಿನಿಂದ ಬಂದ ಸೊಸೆ. ರಾಗ್ನ್‌ಹಿಲ್ಡ್, ಆಸ್ಟ್ರಿಡ್, ಹರಾಲ್ಡ್ ಅವರ ಮೂರು ಮಕ್ಕಳು. ಅತ್ತೆಯ ಹೆಸರಿನ ನೆಲಕ್ಕೆ ಮಗ, ಸೊಸೆ, ಮೊಮ್ಮಕ್ಕಳ ಹೆಸರುಗಳೇ ಅಂಚು ಕಟ್ಟಿವೆ. ಸೀರೆಯ ಸೆರಗಿನ ಹಾಗೆ ಎರಡೂವರೆ ಸಾವಿರ ಕಿಲೋಮೀಟರ್ ಉದ್ದಕ್ಕೂ ಒಂದು ಮನೆತನದ ವಂಶಾವಳಿ ಹರಡಿಕೊಂಡಿದೆ. ಆ ಮೊಮ್ಮಗ ಹರಾಲ್ಡ್ ಮುಂದೆ ನಾರ್ವೆಯ ಅರಸನಾದ. ಮಕ್ಕಳಿಗೆ ಈ ಸಂಬಂಧವನ್ನು ಹೇಳಿಕೊಟ್ಟರೆ ಐದು ಹೆಸರುಗಳು ಬಾಯಿಪಾಠ ಮಾಡದೆಯೇ ನಿಲ್ಲುತ್ತವೆ.

ಒಳನಾಡಿಗೆ ಹೋದರೆ ಹೆಸರುಗಳ ದನಿ ಬದಲಾಗುತ್ತದೆ. ಕರಾವಳಿಯಿಂದ ನೂರಿನ್ನೂರು ಕಿಲೋಮೀಟರ್ ಒಳಗೆ ಬೆಟ್ಟಸಾಲುಗಳು ಕಡಲಿಗೆ ಸಮಾನಾಂತರವಾಗಿ ಎದ್ದಿವೆ. ಹಿಮದ ಹೊದಿಕೆ ಹರಿದು ಮೇಲೆ ಬಂದ ಇಂಥ ಶಿಖರಕ್ಕೆ ‘ನುನಾಟಕ್’ ಎಂಬ ಮಾತಿದೆ, ಅದು ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಅಲ್ಲಿ ಒಂದು ಬೆಟ್ಟಸಾಲಿಗೆ ‘ಹೈಮೆಫ್ರಂಟ್’, ಅಂದರೆ ತಾಯ್ನೆಲದ ರಣರಂಗ, ಎಂದು ಹೆಸರು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ನಾರ್ವೆಯನ್ನು ಆಕ್ರಮಿಸಿಕೊಂಡಾಗ ಗುಟ್ಟಾಗಿ ಎದುರು ನಿಂತು ಹೋರಾಡಿದವರ ನೆನಪಿಗೆ ಇಟ್ಟದ್ದು ಅದು. ಜರ್ಮನ್ ವಿಮಾನಗಳು ಬಾಣ ಉದುರಿಸಿ ಹೋದ ಪ್ರದೇಶದಲ್ಲೇ ಅವರನ್ನು ಎದುರಿಸಿದವರ ಹೆಸರು ಕೆಲವೇ ವರ್ಷಗಳಲ್ಲಿ ಬಂದು ಕುಳಿತದ್ದನ್ನು ಓದುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇದರ ಒಳಗುಟ್ಟು ‘ಹೈಮೆಫ್ರಂಟ್’ ಎಂಬ ನಾರ್ವೇಜಿಯನ್ ಮಾತಿನಲ್ಲೇ ಇದೆ.

ಇನ್ನೂ ಒಳಗೆ, ಹಿಮದ ಪ್ರಸ್ಥಭೂಮಿಯ 3,810 ಮೀಟರ್ ಎತ್ತರದ ಒಂದು ದಿಬ್ಬಕ್ಕೆ ನಾರ್ವೆಯ ಪುರಾಣದ ವಾಲ್ಕಿರಿ ಎಂಬ ರಣಕನ್ಯೆಯ ಹೆಸರೂ, ಅಲ್ಲಿ ಕೇಂದ್ರ ಕಟ್ಟಿದ ಜಪಾನಿನವರು ಇಟ್ಟ ಫ್ಯೂಜಿ ಎಂಬ ಹೆಸರೂ ಇವೆ. ಪ್ರತಿ ದೇಶಕ್ಕೂ ತನ್ನ ಹೆಸರು ಸಮಿತಿಯಿದೆ, ಒಂದೇ ಜಾಗಕ್ಕೆ ಎರಡು ಮೂರು ಹೆಸರು ಸಾಮಾನ್ಯ, ಎಲ್ಲವನ್ನೂ ಸೇರಿಸಿದ ಅಂತರರಾಷ್ಟ್ರೀಯ ಹೆಸರುಪಟ್ಟಿಯೊಂದೂ ಇದೆ. ನಮ್ಮ ಪ್ರಿಯದರ್ಶಿನಿ, ದಕ್ಷಿಣ ಗಂಗೋತ್ರಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವುಗಳನ್ನು ನಾರ್ವೆಯವರು ತಮ್ಮ ಭಾಷೆಗೆ ತಿರುಗಿಸಿ ಬರೆದರೆ ನಮಗೆ ಒಪ್ಪಿತವಾದೀತೇ?

ಆದ್ದರಿಂದ ನನ್ನ ಸಲಹೆ ಹೀಗಿದೆ. ಕರಾವಳಿ, ಬೆಟ್ಟ, ಕೆರೆ, ಹಿಮನದಿ ಎಂಬ ಮಾತುಗಳು ವಸ್ತು ಯಾವುದೆಂದು ಹೇಳುವಂಥವು, ಅವು ಕನ್ನಡದಲ್ಲೇ ಇರಲಿ. ‘ರಾಜಕುಮಾರಿ’ ಎಂಬಂಥ ಬಿರುದನ್ನೂ ಕನ್ನಡಿಸಬಹುದು. ವ್ಯಕ್ತಿಯ ಹೆಸರು ಮೂಲದಂತೆಯೇ ಇರಲಿ. ‘ಲ್ಯಾಂಡ್’ ಎಂಬುದು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್‌ಗಳಲ್ಲಿರುವಂತೆ ಹೆಸರಿನೊಳಗೇ ಕರಗಿಹೋಗಿದೆ, ಅದನ್ನು ಬಿಡಿಸುವುದು ಬೇಡ. ‘ರಾಣಿ ಮಾಡ್ ಲ್ಯಾಂಡ್’ ಎಂದು ಬರೆದರೆ ಮಗುವಿಗೆ ಅರ್ಥವೂ ಆಗುತ್ತದೆ, ಹೆಸರೂ ಉಳಿಯುತ್ತದೆ. ತೋಳನ ಹಲ್ಲನ್ನು ಉಲ್ವೆಟಾನ್ನಾದ ಕೆಳಗೆ ಸಣ್ಣ ಅಕ್ಷರದಲ್ಲಿ ಖಂಡಿತ ಬರೆಸಿ.

ಒಂದು ಎಚ್ಚರಿಕೆ. ಅಮುಂಡ್‌ಸೆನ್ 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೋಗುವ ದಾರಿಯಲ್ಲಿ ದಾಟಿದ ಬೆಟ್ಟಗಳಿಗೂ ಕ್ವೀನ್ ಮಾಡ್ ಹೆಸರನ್ನೇ ಇಟ್ಟ. ಅವು ಖಂಡದ ಇನ್ನೊಂದು ಬದಿಯಲ್ಲಿ, ರಾಸ್ ಸಮುದ್ರದ ಕಡೆಗಿವೆ. ಅದಕ್ಕೂ ಮೊದಲು ಕೆನಡಾದ ಉತ್ತರ ತೀರದ ಕೊಲ್ಲಿಯೊಂದಕ್ಕೂ ಅವನು ಅದೇ ಹೆಸರು ಕೊಟ್ಟಿದ್ದ. ಮಕ್ಕಳು ಹೆಸರು ನೋಡಿ ಬೆಟ್ಟವನ್ನು ತಪ್ಪು ಜಾಗದಲ್ಲಿ ಬರೆದಾರು.

ಉತ್ತರ: ಸರ್ವೆ ಕೆಲಸ ಮಾಡುವವ, ಭರಮಸಾಗರ

ನಕ್ಷೆ ಗೋಡೆಗೆ ಹೋಗುವ ಮೊದಲು ಎರಡು ಮಾತು. ಚಪ್ಪಟೆ ಭೂಪಟದ ತಳದಲ್ಲಿ ಅಂಟಾರ್ಕ್ಟಿಕಾ ಉದ್ದನೆಯ ಬಿಳಿ ಪಟ್ಟಿಯಂತೆ ಕಾಣುತ್ತದೆ, ಅದರಿಂದ ಅಳತೆ ತೆಗೆಯಬೇಡಿ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108 ಕಿಲೋಮೀಟರ್, 70 ಡಿಗ್ರಿ ದಕ್ಷಿಣದಲ್ಲಿ ಅದು ಸುಮಾರು 38 ಕಿಲೋಮೀಟರಿಗೆ ಇಳಿಯುತ್ತದೆ. ಗುರುಗಳು ಹೇಳಿದ ಎರಡೂವರೆ ಸಾವಿರ ಕಿಲೋಮೀಟರ್ ಲೆಕ್ಕ ಬರುವುದು ಹೀಗೆ. ಪ್ರದೇಶದ ವಿಸ್ತೀರ್ಣ ಸುಮಾರು 27 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಹದಿನಾಲ್ಕು ಪಟ್ಟು.

ಇನ್ನೊಂದು ವಿಷಯ ನಮ್ಮವರಿಗೆ ಹೆಚ್ಚು ಗೊತ್ತಿಲ್ಲ. ಭಾರತಿ ಕೇಂದ್ರದ ರೇಖಾಂಶ ಸುಮಾರು 76 ಡಿಗ್ರಿ 11 ನಿಮಿಷ ಪೂರ್ವ. ಚಿತ್ರದುರ್ಗ ಮತ್ತು ದಾವಣಗೆರೆಯ ನಡುವೆ, ನಮ್ಮ ಭರಮಸಾಗರದ ಆಸುಪಾಸಿನಲ್ಲೇ ಹಾದುಹೋಗುವ ರೇಖೆ ಅದು. ಇಲ್ಲಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅದು ಕೊಚ್ಚಿಯ ಆಸುಪಾಸಿನಲ್ಲಿ ಕಡಲಿಗಿಳಿದು, ಎಲ್ಲಿಯೂ ನೆಲ ಮುಟ್ಟದೆ, ಒಟ್ಟು ಸುಮಾರು 9,300 ಕಿಲೋಮೀಟರ್ ಸಾಗಿ ಭಾರತಿಯ ಹತ್ತಿರವೇ ಹಿಮಕ್ಕೆ ತಲುಪುತ್ತದೆ. ಅಲ್ಲಿ ಕರಾವಳಿಗೆ ಇಂಗ್ರಿಡ್ ಕ್ರಿಸ್ಟೆನ್ಸನ್ ಎಂದು ಹೆಸರು. ಮೇಲೆ ಗುರುಗಳು ಹೇಳಿದ ಹಡಗಿನ ಒಡೆಯ ಲಾರ್ಸ್ ಕ್ರಿಸ್ಟೆನ್ಸನ್‌ನ ಹೆಂಡತಿ ಆಕೆ. ರಾಣಿ ಮಾಡ್ ಅಂಟಾರ್ಕ್ಟಿಕಾವನ್ನು ಕಾಣಲಿಲ್ಲ, ಆದರೆ ಈ ಹೆಣ್ಣುಮಗಳು 1930ರ ದಶಕದಲ್ಲಿ ಗಂಡನೊಂದಿಗೆ ಮತ್ತೆ ಮತ್ತೆ ಹಡಗೇರಿ ಆ ಕಡಲಿಗೆ ಹೋಗಿಬಂದವಳು.

ಪ್ರಶ್ನೆ ಕೇಳಿದ ಶಿಕ್ಷಕಿ

ಸರ್, ನೀವು ಹೇಳಿದ ರೇಖೆಯನ್ನು ಇವತ್ತು ಗ್ಲೋಬಿನ ಮೇಲೆ ಕೆಂಪು ನೂಲು ಹಿಡಿದು ನೋಡಿದೆವು. ಭರಮಸಾಗರದಿಂದ ಬರುವ ಇಬ್ಬರು ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ನೂಲಿನ ಮೇಲಿನ ತುದಿಯನ್ನು ಒಬ್ಬನ ಕೈಗೆ ಕೊಟ್ಟು, ಕೆಳಗಿನ ತುದಿಯನ್ನು ಇನ್ನೊಬ್ಬಳು ಹಿಡಿದುಕೊಂಡಳು.

ನಕ್ಷೆಯಲ್ಲಿ ‘ರಾಣಿ ಮಾಡ್ ಲ್ಯಾಂಡ್’ ಎಂದು ಬರೆಸಿದ್ದೇನೆ, ಕೆಳಗೆ ಸಣ್ಣದಾಗಿ ‘ಡ್ರೋನಿಂಗ್ ಮಾಡ್ ಲ್ಯಾಂಡ್’ ಎಂದೂ ಇದೆ. ಗಡಿ ಚುಕ್ಕೆಗೆರೆಯಲ್ಲಿದೆ. ಐದು ಕರಾವಳಿಗಳ ಪಕ್ಕದಲ್ಲಿ ಯಾರು ಯಾರಿಗೆ ಏನಾಗಬೇಕೆಂದು ಮಕ್ಕಳು ತಾವಾಗಿಯೇ ಪುಟ್ಟ ವಂಶವೃಕ್ಷವೊಂದನ್ನು ಬರೆದಿದ್ದಾರೆ. ಹಳೆಯ ಚಾರ್ಟಿನ ‘ಮ್ಯಾಡ್’ ಮೇಲೆ ಬಿಳಿ ಕಾಗದ ಅಂಟಿಸಿ ಸರಿಯಾದ ಹೆಸರು ಬರೆದವಳು ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿಯೇ. ಈಗ ಅವಳು ಪ್ರಿಯದರ್ಶಿನಿ ಕೆರೆಯನ್ನು ಎಷ್ಟು ದೊಡ್ಡದಾಗಿ ಬರೆಯಬೇಕು ಎಂದು ಕೇಳುತ್ತಿದ್ದಾಳೆ. ಚಳ್ಳಕೆರೆಯ ಅಣ್ಣನವರು ಅದರ ಉದ್ದಗಲವನ್ನು ಕಣ್ಣಳತೆಯಲ್ಲಾದರೂ ತಿಳಿಸಿದರೆ ಸೋಮವಾರದೊಳಗೆ ನೀಲಿ ಬಣ್ಣ ತುಂಬಿಸುತ್ತೇವೆ.